ಒಲೆ ಮೂರು, ಕೋಟೆ ಒಂದು

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಕೋಟೆ ಎಂದೊಡನೆ ಕ್ಯಾಲೆಂಡರುಗಳಲ್ಲಿ ಕಾಣುವ ಬಿಳಿಯ ನಾಯ್‌ಶ್ವಾನ್‌ಸ್ಟೈನ್ ನಿಮ್ಮ ಕಣ್ಣ ಮುಂದೆ ಬಂದಿದ್ದರೆ, ಒಂದು ಗಳಿಗೆ ಅದನ್ನು ಬದಿಗಿಡಿ. ಅದಕ್ಕೆ ಅಡಿಗಲ್ಲು ಬಿದ್ದದ್ದು 1869ರಲ್ಲಿ. ಅಷ್ಟು ಹೊತ್ತಿಗೆ ಜರ್ಮನಿಯಲ್ಲಿ ರೈಲು ಓಡಲು ಶುರುವಾಗಿ ಮೂವತ್ತು ವರ್ಷ ಕಳೆದಿತ್ತು. ಒಬ್ಬ ರಾಜ ಮಧ್ಯಯುಗದ ಕನಸು ಕಾಣುತ್ತಾ ಕಟ್ಟಿಸಿದ ಅರಮನೆ ಅದು. ನಾನು ಹೇಳಹೊರಟಿರುವುದು ನಿಜವಾಗಿಯೂ ಮಧ್ಯಯುಗದ್ದೇ ಆದ ಎಲ್ಟ್ಸ್ ಕೋಟೆಯ ವಿಷಯ.

ಕೊಬ್ಲೆಂಟ್ಸ್ ಮತ್ತು ಟ್ರಿಯರ್ ನಗರಗಳ ನಡುವೆ ಮೋಸೆಲ್ ನದಿಗೆ ಎಲ್ಟ್ಸ್‌ಬಾಖ್ ಎಂಬ ಹಳ್ಳವೊಂದು ಬಂದು ಸೇರುತ್ತದೆ. ಆ ಹಳ್ಳ ಒಂದು ಕಡೆ ಬಳಸಿಕೊಂಡು ಹರಿದು, ಸುಮಾರು 70 ಮೀಟರ್ ಎತ್ತರದ ಬಂಡೆಯನ್ನು ಮೂರು ದಿಕ್ಕಿನಿಂದ ಸುತ್ತುವರಿದಿದೆ. ಕೋಟೆ ಇರುವುದು ಆ ಬಂಡೆಯ ನೆತ್ತಿಯ ಮೇಲೆ. ಯೂರೋ ಬರುವ ಮೊದಲು, 500 ಮಾರ್ಕಿನ ಹಳೆಯ ನೋಟಿನ ಹಿಂಬದಿಯಲ್ಲಿ ಇದರ ಚಿತ್ರವಿತ್ತು. ಕಾರು ನಿಲ್ಲಿಸುವ ಜಾಗದಿಂದ ಕಾಡಿನ ದಾರಿಯಲ್ಲಿ ನಡೆದು ಬಂದರೆ, ಕೋಟೆ ಮೊದಲು ಕಾಣುವುದು ನಮ್ಮ ಕಾಲ ಕೆಳಗೆ. ಕತ್ತೆತ್ತಿ ನೋಡಬೇಕಾದ ಕೋಟೆಯನ್ನು ಬಗ್ಗಿ ನೋಡುತ್ತೇವೆ. ಸುತ್ತಲಿನ ಗುಡ್ಡಗಳು ಇದಕ್ಕಿಂತ ಎತ್ತರ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಲ್ಟ್ಸ್ ಮನೆತನದ ಹೆಸರು ದಾಖಲೆಗೆ ಬರುವುದು 1157ರಲ್ಲಿ. ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸನ ದಾನಪತ್ರವೊಂದಕ್ಕೆ ರುಡಾಲ್ಫ್ ಎಂಬುವನು ಸಾಕ್ಷಿ ಹಾಕಿದ್ದಾನೆ. ಆದರೆ ಈ ಕೋಟೆಗೆ ಇಂದಿನ ರೂಪ ಬಂದದ್ದು ಚಕ್ರವರ್ತಿಯಿಂದಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿಯಿಂದ. 1268ರ ಹೊತ್ತಿಗೆ ಎಲಿಯಾಸ್, ವಿಲ್ಹೆಲ್ಮ್, ಥಿಯೊಡೆರಿಕ್ ಎಂಬ ಮೂವರು ಸಹೋದರರು ಆಸ್ತಿ ಹಂಚಿಕೊಂಡರು. ಜಮೀನನ್ನು ಹಂಚಬಹುದು, ಬಂಡೆಯ ಮೇಲಿನ ಕೋಟೆಯನ್ನು ಹಂಚುವುದು ಹೇಗೆ? ಅವರು ಕೋಟೆಯನ್ನು ಒಂದಾಗಿಯೇ ಉಳಿಸಿಕೊಂಡು, ಒಳಗೆ ಒಲೆ ಬೇರೆ ಮಾಡಿಕೊಂಡರು. ಕಾಲಕ್ರಮದಲ್ಲಿ ಕೆಂಪೆನಿಖ್, ರ‍್ಯೂಬೆನಾಖ್, ರೋಡೆನ್‌ಡಾರ್ಫ್ ಎಂದು ಮೂರು ಶಾಖೆಗಳಾದವು. ಲಾಂಛನಗಳೂ ಬೇರೆಬೇರೆ: ಚಿನ್ನದ ಸಿಂಹ, ಬೆಳ್ಳಿಯ ಸಿಂಹ, ಕೋಣನ ಕೊಂಬು.

ಇಂಥ ಕೋಟೆಗೆ ಜರ್ಮನ್ ಭಾಷೆಯಲ್ಲಿ 'ಗಾನೆರ್ಬೆನ್‌ಬುರ್ಗ್' ಎನ್ನುತ್ತಾರೆ. ಗಾನೆರ್ಬೆನ್ ಎಂದರೆ ಜಂಟಿ ಹಕ್ಕುದಾರರು. ಕನ್ನಡದಲ್ಲಿ ಇದಕ್ಕೆ ಪದ ಹುಡುಕಬೇಕಾದ ಕಷ್ಟವೇ ಇಲ್ಲ: ದಾಯಾದಿಗಳು. ದಾಯಾದಿಗಳು ಒಂದೇ ಹೆಬ್ಬಾಗಿಲಲ್ಲಿ ಓಡಾಡಿದರೆ ಏನಾಗುತ್ತದೆ ಎಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಅದಕ್ಕೇ ಅವರು 'ಬುರ್ಗ್‌ಫ್ರೀಡನ್', ಅಂದರೆ ಕೋಟೆಶಾಂತಿ ಎಂಬ ಕರಾರು ಬರೆದುಕೊಳ್ಳುತ್ತಿದ್ದರು. ಗೋಡೆಯೊಳಗೆ ಒಬ್ಬರ ಮೇಲೊಬ್ಬರು ಕೈಮಾಡುವಂತಿಲ್ಲ; ಕಾವಲು, ರಿಪೇರಿ ಮುಂತಾದ ಖರ್ಚನ್ನು ಎಲ್ಲರೂ ಹೊರಬೇಕು. ಈ ಪದ ಎಷ್ಟು ಗಟ್ಟಿ ಎಂದರೆ, 1914ರಲ್ಲಿ ಮಹಾಯುದ್ಧ ಶುರುವಾದಾಗ ಜರ್ಮನಿಯ ರಾಜಕೀಯ ಪಕ್ಷಗಳು ತಮ್ಮ ಜಗಳ ಬದಿಗಿಟ್ಟದ್ದಕ್ಕೂ ಬುರ್ಗ್‌ಫ್ರೀಡನ್ ಎಂದೇ ಹೆಸರಾಯಿತು.

ಈಗ ಕಟ್ಟಡಕ್ಕೆ ಬರೋಣ. ಬಂಡೆಯ ನೆತ್ತಿ ಕಿರಿದು, ಅಂಡಾಕಾರದ್ದು. ಆಚೀಚೆ ಹಿಗ್ಗಲು ಜಾಗವಿಲ್ಲ. ಕುಟುಂಬಗಳು ಬೆಳೆದಂತೆಲ್ಲ ಮನೆಗಳು ಮೇಲಕ್ಕೆ ಬೆಳೆದವು. ನಡುವೆ ಒಂದು ಪುಟ್ಟ ಅಂಗಳ; ಅದರ ಸುತ್ತ 30ರಿಂದ 40 ಮೀಟರ್ ಎತ್ತರದ ಗೋಪುರದಂಥ ಮನೆಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿವೆ. ಎಲ್ಲಕ್ಕಿಂತ ಹಳೆಯದು ಪ್ಲಾಟ್‌ಎಲ್ಟ್ಸ್ ಎಂಬ ಗೋಪುರ. ರ‍್ಯೂಬೆನಾಖ್ ಮನೆ 1472ರದ್ದು. ರೋಡೆನ್‌ಡಾರ್ಫ್‌ನವರು 1490ರಿಂದ 1540ರವರೆಗೆ ಕಟ್ಟಿಸಿದರು. ಕೆಂಪೆನಿಖ್‌ನವರ ಕೆಲಸ ಹದಿನೇಳನೆಯ ಶತಮಾನಕ್ಕೂ ಮುಂದುವರಿಯಿತು. ಕೆಳಗೆ ಬಂಡೆಗೆ ಕಚ್ಚಿದ ದಪ್ಪ ಕಲ್ಲುಗೋಡೆ. ತುದಿಗೆ ಹೋದಂತೆ ಮರದ ಚೌಕಟ್ಟಿನ ಹಗುರ ಗೋಡೆಗಳು, ಮೂಲೆಯಲ್ಲಿ ಚಾಚಿದ ಪುಟ್ಟ ಗೋಪುರಗಳು, ಮೇಲೆ ಸ್ಲೇಟಿನ ಕಡಿದಾದ ಮಾಡು. ಒಂದು ಮೂಲೆಯೂ ಮಟ್ಟಸವಾಗಿಲ್ಲ, ಏಕೆಂದರೆ ಬಂಡೆ ತಿರುಗಿದ ಕಡೆ ಗೋಡೆಯೂ ತಿರುಗಿದೆ. ನೂರಕ್ಕೂ ಹೆಚ್ಚು ಕೋಣೆಗಳಿವೆಯಂತೆ. ವಾಸ್ತುಶಿಲ್ಪಿಯೊಬ್ಬ ಕುಳಿತು ನಕ್ಷೆ ಬರೆದಿದ್ದರೆ ಇಷ್ಟು ಚೆಂದ ಬರುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ರ‍್ಯೂಬೆನಾಖ್ ಮನೆಯ ಮಲಗುವ ಕೋಣೆಯನ್ನು ಸ್ವಲ್ಪ ನಿಂತು ನೋಡಿ. ಗೋಡೆಯ ತುಂಬ ಬಳ್ಳಿ, ಎಲೆ, ಹೂವಿನ ಚಿತ್ತಾರ. ಒಂದು ಕಡೆ ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಪುಟ್ಟ ಪ್ರಾರ್ಥನಾಗೂಡು. ಅದು ಹೊರಗೆ ಚಾಚಿರುವುದಕ್ಕೆ ಕಾರಣವಿದೆ: ದೇವರ ತಲೆಯ ಮೇಲೆ ಮನುಷ್ಯರು ವಾಸಿಸಬಾರದು. ದೇವರಮನೆಯ ಮೇಲೆ ಮಲಗುವ ಕೋಣೆ ಬೇಡ ಎಂದು ಮನೆ ಕಟ್ಟುವಾಗ ಹಟ ಹಿಡಿದ ಅಜ್ಜಿಯಂದಿರು ಈ ಸಭೆಯಲ್ಲಿದ್ದರೆ, ಹದಿನೈದನೆಯ ಶತಮಾನದ ಜರ್ಮನರ ಬೆಂಬಲ ಅವರಿಗಿದೆ. ಅದೇ ಕೋಣೆಯ ಇನ್ನೊಂದು ಬಾಗಿಲು ತೆರೆದರೆ ಶೌಚ.

ರೋಡೆನ್‌ಡಾರ್ಫ್ ಮನೆಯಲ್ಲಿ ಓಕ್ ಮರದ ದಪ್ಪ ತೊಲೆಗಳ ದೊಡ್ಡ ಸಭಾಂಗಣವಿದೆ. ಮೂರು ಮನೆಯವರೂ ಸೇರುತ್ತಿದ್ದದ್ದು ಅಲ್ಲಿ. ಗೋಡೆಯ ಮೇಲೆ ವಿದೂಷಕರ ಮುಖಗಳಿವೆ, ಬಾಗಿಲ ಮೇಲೊಂದು ಗುಲಾಬಿ. ವಿದೂಷಕನಂತೆ ಮನಸ್ಸಿಗೆ ಬಂದದ್ದನ್ನು ಆಡಿ, ಆದರೆ ಇಲ್ಲಿ ಆಡಿದ್ದು ಆ ಗುಲಾಬಿಯನ್ನು ದಾಟಿ ಹೊರಗೆ ಹೋಗಬಾರದು ಎಂದು ಅದರ ಅರ್ಥ.

ಇನ್ನು ಯುದ್ಧ. 1331ರಲ್ಲಿ ಟ್ರಿಯರ್ ಸೀಮೆಯನ್ನು ಆಳುತ್ತಿದ್ದ ಆರ್ಚ್‌ಬಿಷಪ್ ಬಾಲ್ಡುಯಿನ್‌ಗೂ ಎಲ್ಟ್ಸ್‌ನವರು ಸೇರಿದಂತೆ ಕೆಲವು ನೈಟ್ ಮನೆತನಗಳಿಗೂ ಜಗಳ ಹತ್ತಿತು. ಬಾಲ್ಡುಯಿನ್ ಎದುರಿನ ಎತ್ತರದ ಗುಡ್ಡದ ಮೇಲೆ ಇನ್ನೊಂದು ಕೋಟೆಯನ್ನೇ ಕಟ್ಟಿಸಿ, ಅಲ್ಲಿಂದ ಕಲ್ಲುಗುಂಡು ಎಸೆಸಿದ. ಅದರ ಹೆಸರು ಟ್ರುಟ್ಸ್‌ಎಲ್ಟ್ಸ್, ಎಲ್ಟ್ಸ್‌ಗೆ ಸೆಡ್ಡು ಹೊಡೆದ ಕೋಟೆ. ತಗ್ಗಿನಲ್ಲಿದ್ದವರು ವರ್ಷಗಟ್ಟಲೆ ತಾಳಿಕೊಂಡು, ಕೊನೆಗೆ ಆರ್ಚ್‌ಬಿಷಪ್‌ನ ಒಡೆತನ ಒಪ್ಪಿದರು. ಸೆಡ್ಡು ಹೊಡೆದ ಕೋಟೆ ಈಗ ಪಾಳುಗೋಡೆ. 1567ರಲ್ಲಿ ಬಾಲ್ಡುಯಿನ್ ಕುಳಿತಿದ್ದ ಅದೇ ಪೀಠಕ್ಕೆ ಆಯ್ಕೆಯಾದವನು ಯಾಕೋಬ್ ಫಾನ್ ಎಲ್ಟ್ಸ್.

1688ರಿಂದ ಮುಂದಿನ ಒಂಬತ್ತು ವರ್ಷ ಫ್ರಾನ್ಸಿನ ಸೇನೆ ರೈನ್ ಸೀಮೆಯ ಕೋಟೆಗಳನ್ನು ಸಾಲಾಗಿ ಸಿಡಿಸಿತು. ಹೈಡೆಲ್‌ಬರ್ಗ್ ಹಾಳಾದದ್ದು ಆಗಲೇ. ಎಲ್ಟ್ಸ್ ಉಳಿಯಿತು. ಗೋಡೆ ಗಟ್ಟಿಯಿದ್ದುದರಿಂದಲ್ಲ; ಅದೇ ಮನೆತನದ ಹಾನ್ಸ್ ಆಂಟನ್ ಎಂಬುವನು ಫ್ರೆಂಚ್ ಸೇನೆಯಲ್ಲಿ ದೊಡ್ಡ ಅಧಿಕಾರಿಯಾಗಿದ್ದು, ಕೆಡವಬೇಕಾದ ಕೋಟೆಗಳ ಪಟ್ಟಿಯಿಂದ ಇದರ ಹೆಸರನ್ನು ಹೊಡೆಸಿಹಾಕಿದ.

ಶತ್ರು ಮಾಡದ್ದನ್ನು 1920ರ ಸೆಪ್ಟೆಂಬರ್‌ನಲ್ಲಿ ಬೆಂಕಿ ಮಾಡಿತು. ಕೆಂಪೆನಿಖ್ ಮನೆಯ ದೊಡ್ಡ ಭಾಗ ಸುಟ್ಟುಹೋಗಿ, ದುರಸ್ತಿಗೆ ಹತ್ತು ವರ್ಷ ಹಿಡಿಯಿತು. ಆ ಹೊತ್ತಿಗೆ ಪಾಲುದಾರರು ಯಾರೂ ಉಳಿದಿರಲಿಲ್ಲ. ರೋಡೆನ್‌ಡಾರ್ಫ್ ವಂಶ 1786ರಲ್ಲಿ ಮುಗಿದಿತ್ತು, ರ‍್ಯೂಬೆನಾಖ್‌ನವರ ಪಾಲನ್ನು 1815ರಲ್ಲಿ ಕೆಂಪೆನಿಖ್‌ನವರು ಕೊಂಡುಕೊಂಡಿದ್ದರು. ಇಂದಿಗೂ ಕೋಟೆ ಅವರದ್ದೇ. ಟಿಕೆಟ್ ಪಡೆದು ಒಳಗೆ ಹೋದವರಿಗೆ ಮಾರ್ಗದರ್ಶಿ ತೋರಿಸುವುದು ರ‍್ಯೂಬೆನಾಖ್ ಮತ್ತು ರೋಡೆನ್‌ಡಾರ್ಫ್ ಮನೆಗಳನ್ನು, ಅಂದರೆ ದಾಯಾದಿಗಳ ಮನೆಗಳನ್ನು. ಕೆಂಪೆನಿಖ್‌ನವರು ತಮ್ಮ ಮನೆಯ ಬಾಗಿಲನ್ನು ಹಾಕಿಕೊಂಡಿದ್ದಾರೆ.