ಬಿಷ್ ಅಂದರೆ ನೋವು

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಡಗಿನಲ್ಲೀಗ ರೋಬಸ್ಟಾ ಕುಯ್ಲು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಕರ್ನಾಟಕದ್ದು. ಅದನ್ನು ಕುಯ್ಯಲು ದಿನಗಟ್ಟಲೆ ರೈಲಿನಲ್ಲಿ ಕೂತು ಅಸ್ಸಾಮಿನಿಂದ ಬಂದವರು ಲೈನ್ ಮನೆಗಳಲ್ಲಿ ತುಂಬಿದ್ದಾರೆ.

ಎರಡು ವರ್ಷದ ಹಿಂದೆ ಪಕ್ಕದ ತೋಟದ ಹುಡುಗನೊಬ್ಬನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಮುದುಡಿ ಕೂತಿದ್ದ. ಏನಾಯ್ತಪ್ಪಾ ಅಂದರೆ ಒಂದೇ ಮಾತು: "ಪೇಟ್ ಬಿಷ್, ಬಿಷ್." ಸಿಸ್ಟರ್ ಗಾಬರಿಯಾದರು. ಬಿಷ್ ಅಂದರೆ ವಿಷ, ತೋಟಕ್ಕೆ ಹೊಡೆಯುವ ಔಷಧಿ ಕುಡಿದುಬಿಟ್ಟಿದ್ದಾನೆ ಅಂತಲೇ ನಾವೆಲ್ಲ ಅಂದುಕೊಂಡೆವು. ಹೊಟ್ಟೆ ತೊಳೆಯಲು ನಳಿಗೆ ತಂದರೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದ. ಅಷ್ಟರಲ್ಲಿ ಅವನ ಅಣ್ಣ ಫೋನಿಗೆ ಸಿಕ್ಕಿದ. ಅವರ ಕಡೆಯ ಬಂಗಾಳಿಯಲ್ಲಿ ಬಿಷ್ ಅಂದರೆ ನೋವಂತೆ! ಹುಡುಗನಿಗೆ ಇದ್ದದ್ದು ಹೊಟ್ಟೆನೋವು.

ಅವನು ಇಲ್ಲಿಗೆ ಬಂದು ಆಗಲೇ ಎರಡು ಕುಯ್ಲು ಕಳೆದಿತ್ತು. ಬಾ, ಹೋಗು, ಬೇಗ, ಹೊರು ಎಲ್ಲ ಗೊತ್ತಿತ್ತು. ನೋವು ಅನ್ನುವ ಮಾತನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಸಂತೆಯಲ್ಲಿ ಇವರು ವಯಸ್ಸಾದವರಿಗೂ "ನೀನು ಕೊಡು" ಅಂದರೆ ನಮಗೆ ಸಿಟ್ಟು ಬರುತ್ತದೆ, ಮರ್ಯಾದೆ ಗೊತ್ತಿಲ್ಲ ಅನ್ನುತ್ತೇವೆ. ಆದರೆ ನಾವು ಅವರನ್ನು ಒಂದು ದಿನವಾದರೂ "ನೀವು" ಅಂದಿದ್ದೇವೆಯೇ? ಕಿವಿಗೆ ಬಿದ್ದ ಕನ್ನಡವನ್ನೇ ಅವರು ಆಡುತ್ತಾರೆ.

ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಪೇಟೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ ಆಡಿ ಬೆಳೆದ ನಮ್ಮ ಊರಿಗೆ ಇವರಿಗೆ ನಾಲ್ಕು ಮಾತು ಕಲಿಸುವುದು ಕಷ್ಟವಾಗಬಾರದು. ಪಕ್ಕದ ಕೇರಳದಲ್ಲಿ ಸಾಕ್ಷರತಾ ಮಿಷನ್‌ನವರು 2017ರಲ್ಲಿ ಪೆರುಂಬಾವೂರಿನಲ್ಲಿ ವಲಸೆ ಕಾರ್ಮಿಕರಿಗೆಂದೇ ಮಲಯಾಳ ಕಲಿಸಲು ಶುರುಮಾಡಿದರು. ಹೆಸರು 'ಚಂಗಾತಿ'. ಗೆಳೆಯ ಅಂತ ಅರ್ಥ, ನಮ್ಮ ಸಂಗಾತಿ ಇದ್ದ ಹಾಗೆ.

ನಾವು ಅಷ್ಟು ದೊಡ್ಡದೇನೂ ಮಾಡಿಲ್ಲ. ಸಂಜೆ ಹಣ್ಣು ತೂಕವಾದ ಮೇಲೆ ಕಣದ ಕಟ್ಟೆಯ ಮೇಲೆ ಅರ್ಧ ಗಂಟೆ ಕೂರುತ್ತೇವೆ. ತಲೆನೋವು, ಜ್ವರ, ಎಷ್ಟು ಕೆಜಿ, ಕೂಲಿ ಇನ್ನೂ ಬಂದಿಲ್ಲ, ನಾಳೆ ಬರುವುದಿಲ್ಲ. ಈ ಕೊನೆಯದನ್ನು ಕಲಿಸಬೇಡಿ ಅಂತ ಒಬ್ಬ ಮೇಸ್ತ್ರಿ ಗೊಣಗಿದರು. ನಾನು ಮೊದಲು ಕಲಿಸುವುದೇ ಅದನ್ನು.

ಆ ಸಿಸ್ಟರ್ ಕೂಡ ಸುಮ್ಮನೆ ಕೂರಲಿಲ್ಲ. ಆಸ್ಪತ್ರೆಯ ಔಷಧಿ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ. ಕನ್ನಡ ಅಕ್ಷರದಲ್ಲಿ ಬಂಗಾಳಿ ಮಾತುಗಳು: ಜೊರ್, ಜ್ವರ. ಬೊಮಿ, ವಾಂತಿ. ಎಲ್ಲಕ್ಕಿಂತ ಮೇಲೆ, ಕೆಂಪು ಶಾಯಿಯಲ್ಲಿ: ಬಿಷ್, ನೋವು.

ನಮಸ್ಕಾರ.