ತಲೆ ಅಲ್ಲಾಡಿಸುವ ಊರಿಗೆ ಹೊರಟಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ನಾವು ಗಂಡ ಹೆಂಡತಿ ಅಲ್ಬೇನಿಯಾಕ್ಕೆ ಹೋಗುತ್ತೇವೆ ಎಂದಾಗ "ಅರ್ಮೇನಿಯಾನಾ?" ಎಂದು ಕೇಳಿದವರು ಮೂವರು. "ಅಲ್ಲಿ ಯುದ್ಧ ನಡೀತಿಲ್ವಾ?" ಎಂದವರು ಇಬ್ಬರು. ಪಕ್ಕದ ಮನೆಯವರು ಸ್ವಲ್ಪ ಯೋಚನೆ ಮಾಡಿ, "ಅಲ್ಲಿ ಏನಿದೆ ಸಾರ್?" ಎಂದರು. ನಿಜ ಹೇಳಬೇಕೆಂದರೆ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮಗ ಜರ್ಮನಿಯಲ್ಲಿದ್ದಾನೆ. ಅವನ ಮನೆಗೆ ಎರಡು ತಿಂಗಳಿಗೆ ಹೊರಟಿದ್ದೆವು. ಪ್ಯಾರಿಸ್, ಸ್ವಿಟ್ಜರ್ಲೆಂಡ್ ಎಲ್ಲರೂ ನೋಡುತ್ತಾರೆ, ನಾವು ಬೇರೆ ಕಡೆ ಹೋಗೋಣ ಎಂದು ನಾನೇ ಹಟ ಹಿಡಿದೆ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತಿಯಾದವನು ನಾನು. ಖರ್ಚೂ ಕಡಿಮೆ ಎಂದು ಯಾರೋ ಹೇಳಿದ್ದು ಕಿವಿಯಲ್ಲಿ ಉಳಿದಿತ್ತು ಅನ್ನಿ.

ಅಲ್ಬೇನಿಯಾ ಗ್ರೀಸ್ ದೇಶದ ನೆತ್ತಿಯ ಮೇಲಿದೆ. ಸಮುದ್ರದ ಆಚೆ ದಡದಲ್ಲಿ ಇಟಲಿ. ವಿಸ್ತೀರ್ಣ 28,748 ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದೊಳಗೆ ಆರು ಅಲ್ಬೇನಿಯಾ ಹಿಡಿಸುತ್ತವೆ, ಇನ್ನೂ ಜಾಗ ಉಳಿಯುತ್ತದೆ. ಜನ ಸುಮಾರು 24 ಲಕ್ಷ. ಇಷ್ಟು ಪುಟ್ಟ ದೇಶ, ನಾಲ್ಕು ದಿನದಲ್ಲಿ ಪೂರ್ತಿ ಸುತ್ತಿ ಬರಬಹುದು ಎಂದು ನಾನು ಲೆಕ್ಕ ಹಾಕಿದೆ. ನನ್ನ ಮೊದಲ ತಪ್ಪು ಅದೇ. ಅಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬರೀ ಬೆಟ್ಟ. ಬೆರಾತ್ ಎಂಬ ಊರಿನಿಂದ ಗಿರೋಕಾಸ್ತರ್ ಎಂಬ ಊರಿಗೆ ನಕ್ಷೆಯಲ್ಲಿ ನೋಡಿದರೆ ಒಂದು ಬೆರಳಿನಷ್ಟು ದೂರ. ಆದರೆ ಮಧ್ಯೆ ಬೆಟ್ಟದ ಸಾಲು ಅಡ್ಡ ಮಲಗಿದೆ. ಬಸ್ಸು ಮೊದಲು ಪಶ್ಚಿಮದ ಬಯಲಿಗೆ ಇಳಿದು, ಬಳಸಿಕೊಂಡು, ಮತ್ತೆ ಕಣಿವೆ ಹಿಡಿದು ಹತ್ತುತ್ತದೆ. ಮೂರು ಗಂಟೆಗೂ ಮೇಲೆ. ಘಾಟಿ ರಸ್ತೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ನಾಲ್ಕು ದಿನ ಹೋಗಿ ಒಂಬತ್ತು ದಿನವಾಯಿತು. ಅದೂ ಬರೀ ದಕ್ಷಿಣದ ಅರ್ಧ. ರಾಜಧಾನಿ ತಿರಾನಾದಲ್ಲಿ ಎರಡು, ಬೆರಾತ್‌ನಲ್ಲಿ ಎರಡು, ಗಿರೋಕಾಸ್ತರ್‌ನಲ್ಲಿ ಮೂರು, ಕಡಲ ತೀರದ ಸರಾಂದದಲ್ಲಿ ಎರಡು. ಅಲ್ಲಿಂದ ದೋಣಿ ಹತ್ತಿ ಗ್ರೀಸಿನ ಕೋರ್ಫು ದ್ವೀಪ, ಕೋರ್ಫುವಿನಿಂದ ವಿಮಾನದಲ್ಲಿ ಮಗನ ಊರು. ಅಡುಗೆಮನೆ ಮೇಜಿನ ಮೇಲೆ ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು ಇದನ್ನೆಲ್ಲ ಬರೆದೆ.

ಇಲ್ಲಿ ವೀಸಾ ವಿಷಯ ಹೇಳಲೇಬೇಕು. ಅಲ್ಬೇನಿಯಾ ಐರೋಪ್ಯ ಒಕ್ಕೂಟದಲ್ಲೂ ಇಲ್ಲ, ಒಂದೇ ವೀಸಾದಲ್ಲಿ ಜರ್ಮನಿ, ಗ್ರೀಸ್ ಎಲ್ಲ ಸುತ್ತಬಹುದಾದ ಷೆಂಗೆನ್ ಗುಂಪಿನಲ್ಲೂ ಇಲ್ಲ. ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು, ಅದನ್ನು ಆನ್‌ಲೈನಿನಲ್ಲೇ ಕೇಳಬಹುದು. ಆದರೆ ಹಲವು ಸಲ ಒಳಹೋಗಲು ಬಿಡುವ ಷೆಂಗೆನ್ ವೀಸಾ ಇದ್ದು, ಅದನ್ನು ಒಮ್ಮೆ ಬಳಸಿ ಆಗಿದ್ದರೆ ಬೇರೆ ವೀಸಾ ಬೇಡ ಎನ್ನುತ್ತಾರೆ. ನಾನು ಇದನ್ನು ಓದಿ ಖುಷಿಯಾಗಿ ಕೂತಿದ್ದೆ. ಆಗ ಮಗ ಫೋನಿನಲ್ಲಿ, "ಅಪ್ಪಾ, ವೀಸಾ ಚೀಟಿಯಲ್ಲಿ ಎಂಟ್ರಿ ಅಂತಿರೋ ಕಡೆ ಏನಿದೆ ನೋಡಿ" ಎಂದ. ಕನ್ನಡಕ ಹಾಕಿಕೊಂಡು ನೋಡಿದೆ. ನನ್ನದರಲ್ಲಿ 'ಮಲ್ಟ್' ಎಂದಿತ್ತು, ಅಂದರೆ ಹಲವು ಸಲ. ಇವಳದನ್ನೂ ತೆಗೆದು ನೋಡಿದೆ, ಅದರಲ್ಲೂ ಹಾಗೇ ಇತ್ತು. ಸದ್ಯ ಬದುಕಿದೆವು. ಅಲ್ಲಿ '01' ಎಂದಿದ್ದರೆ ಕಥೆಯೇ ಬೇರೆ. ಒಂದೇ ಸಲದ ವೀಸಾದಲ್ಲಿ ಜರ್ಮನಿಯಿಂದ ಅಲ್ಬೇನಿಯಾಕ್ಕೆ ಹೊರಟರೆ ಷೆಂಗೆನ್ ಬಾಗಿಲು ಹಿಂದೆ ಮುಚ್ಚಿಕೊಳ್ಳುತ್ತದೆ. ಮತ್ತೆ ಗ್ರೀಸಿಗೂ ಕಾಲಿಡುವಂತಿಲ್ಲ, ಮಗನ ಮನೆಗೂ ಹೋಗುವಂತಿಲ್ಲ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಮಾಡಿಸುವ ಮುಂಚೆ ಅಲ್ಬೇನಿಯಾ ಸರ್ಕಾರದ ಪುಟವನ್ನೇ ತೆರೆದು ನೋಡಿ. ನನ್ನ ಮಾತು ನಂಬಿ ಹೊರಡಬೇಡಿ.

ನಮ್ಮ ಮನೆಯಾಕೆಯ ಪ್ರಶ್ನೆ ಒಂದೇ. "ರೀ, ಅಲ್ಲಿ ನಾವು ತಿನ್ನೋದೇನು?" ನಾವು ಸಸ್ಯಾಹಾರಿಗಳು. ಅವಳು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲ ಕಟ್ಟಿಕೊಂಡಳು. ಅರ್ಧ ಹಾಗೇ ವಾಪಸ್ ಬಂತು. ಅಲ್ಲಿ ಬೀದಿಬೀದಿಗೂ ಬ್ಯುರೆಕ್ ಮಾರುತ್ತಾರೆ. ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಹಿಟ್ಟಿನ ಪದರಗಳ ನಡುವೆ ಪಾಲಕ್ ಅಥವಾ ಗಿಣ್ಣಿನಂಥ ಚೀಸ್ ತುಂಬಿ ಬೇಯಿಸಿದ್ದು. ಜೊತೆಗೆ ಕುಡಿಯಲು ಏನು ಗೊತ್ತಾ? ಧಲ್. ಅಂದರೆ ಉಪ್ಪು ಹಾಕಿದ ಮಜ್ಜಿಗೆ! ಇವಳು ಒಂದು ಗುಟುಕು ಕುಡಿದು, "ಒಂದೆಸಳು ಕರಿಬೇವು ಬಿದ್ದಿದ್ರೆ ಪೂರ್ತಿ ನಮ್ಮದೇ" ಎಂದಳು. ಅನ್ನ ತುಂಬಿದ ದೊಣ್ಣೆಮೆಣಸಿನಕಾಯಿ, ಹುರುಳಿಕಾಯಿ ಬೀಜದ ಸಾರು, ಟೊಮೆಟೊ ಸೌತೆಕಾಯಿ ಕೋಸಂಬರಿಯಂಥದ್ದು, ಇಷ್ಟು ಎಲ್ಲ ಕಡೆಯೂ ಸಿಗುತ್ತದೆ. ಕೇಳುವಾಗ 'ಪಾ ಮಿಶ್' ಎನ್ನಬೇಕು, ಮಾಂಸ ಇಲ್ಲದ್ದು ಎಂದು ಅರ್ಥ. ಆ 'ಮಿಶ್' ಪದವೂ ಸಂಸ್ಕೃತದ 'ಮಾಂಸ'ವೂ ಒಂದೇ ಬೇರಿನವಂತೆ. ಬೇಡ ಎನ್ನಲಿಕ್ಕೂ ನೆಂಟಸ್ತನ ಒದಗಿ ಬಂತು ನೋಡಿ.

ಈಗ ತಲೆ ಅಲ್ಲಾಡಿಸುವ ವಿಷಯ. ಅಲ್ಲಿ ಹಳಬರು ಹೌದು ಎನ್ನಲು ತಲೆಯನ್ನು ಆಚೆ ಈಚೆ ಆಡಿಸುತ್ತಾರೆ. ಬೇಡ ಎನ್ನಲು ಗಲ್ಲ ಮೇಲಕ್ಕೆತ್ತುತ್ತಾರೆ. ಬೆರಾತ್‌ನಲ್ಲಿ ನಾವಿದ್ದ ಮನೆಯ ಯಜಮಾನ ಕಾಫಿ ಪಾತ್ರೆ ಹಿಡಿದು ಇನ್ನೂ ಸ್ವಲ್ಪ ಹಾಕಲಾ ಎಂಬಂತೆ ನಿಂತ. ನಾನು ಜರ್ಮನಿಯಲ್ಲಿ ಕಲಿತ ಹಾಗೆ ಜೋರಾಗಿ ತಲೆಯನ್ನು ಮೇಲೆ ಕೆಳಗೆ ಮಾಡಿದೆ. ಆತ ಪಾತ್ರೆ ತೆಗೆದುಕೊಂಡು ಹೊರಟೇ ಹೋದ. ಇವಳು ಮಾತ್ರ ನಮ್ಮೂರಲ್ಲಿ ಆಡಿಸುವ ಹಾಗೇ ತಲೆಯನ್ನು ಹಗುರಾಗಿ ಅತ್ತಿತ್ತ ಆಡಿಸಿದಳು. ಅವಳ ಬಟ್ಟಲಿಗೆ ಕಾಫಿ ಬಿತ್ತು! ಹುಡುಗರು ಈಗ ಹೊರಗಿನವರ ಮುಂದೆ ಹೊರಗಿನವರ ಹಾಗೇ ತಲೆ ಆಡಿಸುತ್ತಾರೆ. ಅದರಿಂದ ಗೊಂದಲ ಇನ್ನೂ ಜಾಸ್ತಿ. ಬಾಯಿಬಿಟ್ಟು ಹೇಳುವುದೇ ಸರಿ. 'ಪೋ' ಎಂದರೆ ಹೌದು, 'ಯೋ' ಎಂದರೆ ಇಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಅಲ್ಲಿನ ನಾಣ್ಯಕ್ಕೆ ಲೆಕ್ ಎಂದು ಹೆಸರು. ಒಂದು ಲೆಕ್ ಎಂದರೆ ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿ. ಲೆಕ್ಕ ಎಷ್ಟು ಸುಲಭ ಎಂದುಕೊಂಡಿದ್ದೆ. ಬೆರಾತ್‌ನಲ್ಲಿ ರಸ್ತೆ ಬದಿ ಒಬ್ಬ ಅಜ್ಜಿ ಅಂಜೂರ ಮಾರುತ್ತಿದ್ದರು. ಹಸಿರು ಅಂಜೂರ, ತೊಟ್ಟಿನಲ್ಲಿ ಇನ್ನೂ ಹಾಲು ಜಿನುಗುತ್ತಿತ್ತು. ಎರಡು ಕಿಲೋ ತೂಗಿಸಿದೆ. ಎಷ್ಟು ಎಂದರೆ, 'ದ್ಯು ಮಿಯ' ಎಂದರು. ಎರಡು ಸಾವಿರ! ಅಂಕಿಗಳನ್ನು ನಾನು ಮೊದಲೇ ಬಾಯಿಪಾಠ ಮಾಡಿಕೊಂಡಿದ್ದೆ. ಅಂಜೂರಕ್ಕೆ ಎರಡು ಸಾವಿರ ರೂಪಾಯಿಯೇ? ಆದರೂ ತೂಗಿಸಿಕೊಂಡ ಮೇಲೆ ಬೇಡ ಎನ್ನಲು ನಾಚಿಕೆ. ಎರಡು ಸಾವಿರದ ನೋಟು ತೆಗೆದುಕೊಟ್ಟೆ. ಅಜ್ಜಿ ನಗುತ್ತಾ ನೋಟನ್ನು ನನ್ನ ಕೈಗೇ ಒತ್ತಿದರು. ಆಮೇಲೆ ನನ್ನ ಪರ್ಸಿನೊಳಗೆ ತಾವೇ ಇಣುಕಿ, ಇನ್ನೂರರ ನೋಟೊಂದನ್ನು ಬೆರಳಿನಿಂದ ಮುಟ್ಟಿ ತೋರಿಸಿದರು.

ಏನೆಂದರೆ, 1965ರಲ್ಲಿ ಆ ದೇಶದಲ್ಲಿ ಹತ್ತು ಹಳೆ ಲೆಕ್‌ಗೆ ಒಂದು ಹೊಸ ಲೆಕ್ ಎಂದು ಬದಲಾಯಿಸಿದರು. ಅರವತ್ತು ವರ್ಷವಾಯಿತು. ಜನರ ಬಾಯಲ್ಲಿ ಮಾತ್ರ ಇನ್ನೂ ಹಳೆ ಲೆಕ್ಕವೇ. ಆಮೇಲೆ ಹುಟ್ಟಿದ ಮಕ್ಕಳೂ ಒಂದು ಸೊನ್ನೆ ಸೇರಿಸಿಯೇ ಮಾತಾಡುತ್ತಾರೆ. ನಮ್ಮಲ್ಲಿ 1957ರಲ್ಲಿ ನಯಾಪೈಸೆ ಬಂದ ಮೇಲೂ ನಾಲ್ಕಾಣೆ, ಎಂಟಾಣೆ ಎನ್ನುವುದು ಬಿಟ್ಟೆವಾ? ಹಾಗೇ ಇದು. ಅಂಗಡಿಯ ಚೀಟಿಯಲ್ಲಿ ಬರೆದಿರುವುದು ಹೊಸ ಲೆಕ್ಕ, ಬಾಯಲ್ಲಿ ಹೇಳುವುದು ಹಳೆಯದು. ಅನುಮಾನ ಬಂದರೆ ಫೋನಿನ ಕ್ಯಾಲ್ಕುಲೇಟರ್ ಮುಂದೆ ಹಿಡಿಯಿರಿ, ಅವರೇ ಒತ್ತಿ ತೋರಿಸುತ್ತಾರೆ. ಮೂವತ್ತೈದು ವರ್ಷ ನೋಟು ಎಣಿಸಿದವನಿಗೆ ಒಬ್ಬ ಅಜ್ಜಿ ನೋಟು ಗುರುತಿಸಿಕೊಟ್ಟರು ಎಂದು ಇವಳು ಈಗಲೂ ನೆಂಟರ ಮುಂದೆ ಹೇಳುತ್ತಾಳೆ. ಬಸ್ಸಿನಲ್ಲೂ ಸಣ್ಣ ಅಂಗಡಿಯಲ್ಲೂ ಕಾರ್ಡ್ ನಡೆಯುವುದಿಲ್ಲ, ಚಿಲ್ಲರೆ ಇಟ್ಟುಕೊಳ್ಳಿ. ಮಗ ಕೊಟ್ಟ ಜರ್ಮನಿಯ ಸಿಮ್ಮೂ ಗಡಿ ದಾಟಿದ ಮೇಲೆ ಮೊದಲಿನ ದರದಲ್ಲಿ ನಡೆಯಲಿಲ್ಲ. ಅದನ್ನು ಬಿಲ್ ಬಂದ ಮೇಲೆ ತಿಳಿದುಕೊಂಡೆ.

ಇನ್ನು ಬಸ್ಸು. ಅಲ್ಲಿ ಮಿನಿಬಸ್ಸಿಗೆ ಫುರ್ಗೋನ್ ಎನ್ನುತ್ತಾರೆ. ಕಮ್ಯುನಿಸ್ಟ್ ಆಡಳಿತ ಇದ್ದಾಗ ಜನ ಸ್ವಂತ ಕಾರು ಇಟ್ಟುಕೊಳ್ಳುವಂತಿರಲಿಲ್ಲ. 1991ರವರೆಗೂ ಹಾಗೇ. ಆಮೇಲೆ ಒಮ್ಮೆಲೇ ಬಾಗಿಲು ತೆರೆಯಿತು, ವ್ಯಾನು ಕೊಂಡವರೆಲ್ಲ ಸಾರಿಗೆ ನಡೆಸಿದರು. ಹೆಚ್ಚಿನ ಫುರ್ಗೋನ್ ಹೊರಡುವುದು ಸೀಟು ತುಂಬಿದಾಗ. ವೇಳಾಪಟ್ಟಿ ಇದ್ದರೂ ಅದೊಂದು ಅಂದಾಜು. ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದೂವರೆ, ಒಂದೂಮುಕ್ಕಾಲು ಎಂದೆಲ್ಲ ಬರೆದಿದ್ದೆ. ಮೊದಲ ದಿನವೇ ಅದನ್ನೆಲ್ಲ ಹೊಡೆದುಹಾಕಿ 'ಬೆಳಿಗ್ಗೆ' ಎಂದು ಒಂದೇ ಪದ ಬರೆದೆ. ಊರಿಂದ ಊರಿಗೆ ಹೋಗುವ ದಿನ ತಿಂಡಿ ತಿಂದು ಹೊರಟುಬಿಡಬೇಕು. ಕೆಲವು ದಾರಿಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕೊನೆ ಬಸ್ಸು ಹೋಗಿಯೇ ಬಿಟ್ಟಿರುತ್ತದೆ. ತಿರಾನಾದಲ್ಲಿ ಎಲ್ಲ ಬಸ್ಸುಗಳೂ ಒಂದೇ ನಿಲ್ದಾಣದಿಂದ ಹೊರಡುವುದಿಲ್ಲ, ಯಾವ ದಿಕ್ಕಿಗೆ ಯಾವ ನಿಲ್ದಾಣ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಬಸ್ಸಿನೊಳಗೆ ಕಂಡಕ್ಟರ್ ಇರುತ್ತಾನೆ, ಅವನಿಗೆ ಫತೋರಿನೋ ಎಂದು ಹೆಸರು. ಬಾಗಿಲಲ್ಲಿ ನೇತಾಡುತ್ತಾ ಊರ ಹೆಸರು ಕೂಗುತ್ತಾನೆ. ನಮ್ಮೂರ ಖಾಸಗಿ ಬಸ್ಸೇ ಹತ್ತಿದ ಹಾಗಿತ್ತು.

ಬೆರಾತ್ ಬಗ್ಗೆ ಎರಡು ಮಾತು ಸಾಕು. ಗುಡ್ಡಕ್ಕೆ ಅಂಟಿಕೊಂಡ ಬಿಳಿ ಮನೆಗಳು, ಒಂದರ ತಲೆಯ ಮೇಲೊಂದು ಕಿಟಕಿ ಸಾಲು. ಮೇಲಿನ ಕೋಟೆಯೊಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ, ಬಟ್ಟೆ ಒಣಹಾಕಿರುತ್ತಾರೆ. ಸಂಜೆಯಾದರೆ ಊರಿಗೆ ಊರೇ ನದಿ ದಂಡೆಯ ರಸ್ತೆಯಲ್ಲಿ ಸುಮ್ನೆ ಅತ್ತಿಂದಿತ್ತ ಓಡಾಡುತ್ತದೆ.

ನನ್ನ ಮನಸ್ಸು ನಿಂತದ್ದು ಗಿರೋಕಾಸ್ತರ್‌ನಲ್ಲಿ. ಅದು ಕಲ್ಲಿನ ಊರು. ಗೋಡೆ ಕಲ್ಲು, ಬೀದಿ ಕಲ್ಲು, ಹೆಂಚಿನ ಬದಲು ಸೂರಿಗೂ ಕಲ್ಲಿನ ಚಪ್ಪಡಿ. 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮಳೆ ಬಿದ್ದರೆ ಇಡೀ ಊರು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಜೊತೆಗೆ ಜಾರುತ್ತದೆ. ಹಳೆ ಪೇಟೆಯ ಇಳಿಜಾರಿನಲ್ಲಿ ನಾನು ಸವೆದ ಅಟ್ಟೆಯ ಬೂಟು ಹಾಕಿಕೊಂಡು, ಕೊಡೆ ಸಮೇತ, ಎಲ್ಲರೂ ನೋಡುತ್ತಿರುವಾಗ ಕುಳಿತ ಭಂಗಿಯಲ್ಲೇ ನಾಲ್ಕು ಮಾರು ಇಳಿದೆ. ಕಂಬಳಿ ಅಂಗಡಿಯವ ಓಡಿ ಬಂದು ಎಬ್ಬಿಸಿ, ಒಳಗೆ ಕೂರಿಸಿ, ಬೆಟ್ಟದ ಸೊಪ್ಪಿನ ಚಹಾ ಕೊಟ್ಟ. ದುಡ್ಡು ಕೊಡಹೋದರೆ ಗಲ್ಲ ಮೇಲೆತ್ತಿದ. ಅಷ್ಟು ಹೊತ್ತಿಗೆ ಅದರ ಅರ್ಥ ನನಗೆ ಗೊತ್ತಾಗಿತ್ತು.

ಈ ಒಂದೇ ಊರಿನಲ್ಲಿ ಇಬ್ಬರು ಹುಟ್ಟಿದರು. ಒಬ್ಬ ಎನ್ವರ್ ಹೋಜ, 1944ರಿಂದ 1985ರಲ್ಲಿ ಸಾಯುವವರೆಗೂ ದೇಶವನ್ನು ಮುಷ್ಟಿಯಲ್ಲಿ ಹಿಡಿದ ಸರ್ವಾಧಿಕಾರಿ. ಇನ್ನೊಬ್ಬರು ಇಸ್ಮಾಯಿಲ್ ಕದರೆ, ಅದೇ ಕಾಲದ ಭಯವನ್ನು ಕಥೆ ಮಾಡಿದ ಕಾದಂಬರಿಕಾರ. 2024ರಲ್ಲಿ ತೀರಿಕೊಂಡರು. ಹೋಜನಿಗೆ ಎಲ್ಲರ ಮೇಲೂ ಅನುಮಾನ. ಯಾರೋ ದಾಳಿ ಮಾಡುತ್ತಾರೆಂದು ದೇಶದ ತುಂಬ ಲಕ್ಷಕ್ಕೂ ಮೀರಿ ಕಾಂಕ್ರೀಟ್ ಬಂಕರ್ ಕಟ್ಟಿಸಿದ. ದಾಳಿ ಮಾಡಲು ಯಾರೂ ಬರಲಿಲ್ಲ. ಬಸ್ಸಿನ ಕಿಟಕಿಯಿಂದ ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ, ಅಣಬೆಯ ಹಾಗೆ ಅವು ಕಾಣುತ್ತಲೇ ಇರುತ್ತವೆ. 1967ರಲ್ಲಿ ಮಸೀದಿ, ಚರ್ಚು ಎಲ್ಲಕ್ಕೂ ಬೀಗ ಹಾಕಿಸಿ ಧರ್ಮವನ್ನೇ ನಿಷೇಧಿಸಿದ. ತಿರಾನಾದ ಅಂಚಿನಲ್ಲಿ ಅವನಿಗಾಗಿ ನೆಲದಡಿ ಕಟ್ಟಿದ ನೂರಕ್ಕೂ ಹೆಚ್ಚು ಕೋಣೆಗಳ ಬಂಕರ್ ಈಗ ಮ್ಯೂಸಿಯಂ. ಅದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಒಳಗೆ ಥಂಡಿ, ಸ್ವೆಟರ್ ಬೇಕು.

ತಿರಾನಾದ ವಿಮಾನ ನಿಲ್ದಾಣದಲ್ಲಿ ಇಳಿದಾಗ ಮೇಲೆ ಬರೆದಿದ್ದ ಹೆಸರು ನೋಡಿ ಇವಳು ನನ್ನ ತೋಳು ತಿವಿದಿದ್ದಳು. 'ನನ ತೆರೆಜ.' ನಮ್ಮ ಕೊಲ್ಕತ್ತಾದ ಮದರ್ ತೆರೇಸಾ. ಹುಟ್ಟಿದ್ದು 1910ರಲ್ಲಿ, ಈಗ ಉತ್ತರ ಮ್ಯಾಸಿಡೋನಿಯಾದಲ್ಲಿರುವ ಸ್ಕೋಪ್ಯೆಯಲ್ಲಿ, ಅಲ್ಬೇನಿಯನ್ ಮನೆತನದಲ್ಲಿ. ತಾಯಿ, ಅಕ್ಕ ತಿರಾನಾದಲ್ಲಿದ್ದರು. ಹೋಜನ ಸರ್ಕಾರ ಅವರನ್ನು ಹೊರಗೆ ಬಿಡಲಿಲ್ಲ, ಇವರನ್ನು ಒಳಗೆ ಬಿಡಲಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. 1979ರಲ್ಲಿ ನೊಬೆಲ್ ಬಂದ ಮೇಲೂ ದೇಶದ ಬಾಗಿಲು ತೆರೆಯಲು ಹತ್ತು ವರ್ಷ ಬೇಕಾಯಿತು. 1989ರಲ್ಲಿ ಬಂದ ಮಗಳಿಗೆ ಸಿಕ್ಕಿದ್ದು ತಾಯಿಯ ಸಮಾಧಿ. ಈಗ ತಿರಾನಾಕ್ಕೆ ಬರುವ ಪ್ರತಿ ವಿಮಾನವೂ ಅವರ ಹೆಸರಿನ ನಿಲ್ದಾಣದಲ್ಲೇ ಇಳಿಯುತ್ತದೆ.

ಸರಾಂದದ ಕಡಲು ನೀಲಿ, ಹೋಟೆಲು ದುಬಾರಿ, ಜುಲೈ ಆಗಸ್ಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲವಂತೆ. ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಹತ್ತಿರದ ಬುತ್ರಿಂತ್ ಎಂಬಲ್ಲಿ ಗ್ರೀಕರು, ರೋಮನ್ನರು, ವೆನಿಸ್‌ನವರು ಒಬ್ಬರ ಮೇಲೊಬ್ಬರು ಕಟ್ಟಿ ಹೋದ ಪಾಳು ಪಟ್ಟಣವಿದೆ. ಬೆಳಿಗ್ಗೆ ಬೇಗ ಹೋದರೆ ನೀರು ನಿಂತ ರಂಗಮಂದಿರದಲ್ಲಿ ಆಮೆ, ಕಪ್ಪೆ ಬಿಟ್ಟರೆ ನೀವೊಬ್ಬರೇ.

ಉತ್ತರ ಭಾಗ ನೋಡಲಾಗಲಿಲ್ಲ. ಅಲ್ಲಿ ಕೋಮನ್ ಎಂಬ ಜಲಾಶಯವಿದೆ, ಕಡಿದಾದ ಬೆಟ್ಟಗಳ ಸಂದಿಯಲ್ಲಿ ದೋಣಿ ಎರಡೂವರೆ ಮೂರು ಗಂಟೆ ಸಾಗುತ್ತದೆ. ಆಚೆ ವಲ್ಬೋನಾ ಕಣಿವೆ. ಅಲ್ಲಿಂದ ಥೆಥ್ ಎಂಬ ಹಳ್ಳಿಗೆ ಒಂದು ದಿನದ ಕಾಲುದಾರಿ, ಬೆಟ್ಟ ದಾಟುವ ಜಾಗ ಸುಮಾರು 1,800 ಮೀಟರ್ ಎತ್ತರ. ಮುಂದಿನ ಸಲಕ್ಕೆ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತೆರೆದು, ಮೇಲೆ 'ಕೋಮನ್, ಬೆಳಿಗ್ಗೆ' ಎಂದು ಬರೆದಿದ್ದೇನೆ. ಮೊನ್ನೆ ತೆಗೆದು ನೋಡಿದರೆ ಅದರ ಕೆಳಗೆ ಇವಳ ಅಕ್ಷರದಲ್ಲಿ ಒಂದು ಸಾಲು: 'ಇವರಿಗೆ ಜಾರದ ಬೂಟು.'

ನಮಸ್ಕಾರ.