ಮುಂದಿನ ಕೋಚ್ ಯಾರು ಎಂಬ ಪಟ್ಟಿಯಲ್ಲಿ ಎಂದೂ ಬಾರದ ಹೆಸರು

ನಮಸ್ಕಾರ. ಇವತ್ತು ಒಬ್ಬರ ಹೆಸರನ್ನು ನಿಮಗೆ ಹೇಳಬೇಕು. ಆ ಹೆಸರಿಗೆ ಬರುವ ಮೊದಲು ಇನ್ನಷ್ಟು ದೊಡ್ಡ ದೊಡ್ಡ ಹೆಸರುಗಳನ್ನು ದಾಟಿ ಬರಬೇಕು. ಸ್ವಲ್ಪ ತಾಳ್ಮೆಯಿಂದ ಕೇಳಿ.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಮಾರ್ಚ್ ಎಂದರೆ 68 ತಂಡಗಳ ನಾಕೌಟ್ ಪಂದ್ಯಾವಳಿ. ಸೋತವರು ಅಂದೇ ಮನೆಗೆ. ತಂಡ ಮನೆ ಸೇರಿದ ಮರುದಿನವೇ ಅಭಿಮಾನಿಗಳ ನಡುವೆ ಇನ್ನೊಂದು ಆಟ ಶುರುವಾಗುತ್ತದೆ. ಕೋಚ್ ಇರುತ್ತಾರೋ ಹೋಗುತ್ತಾರೋ? ಹೋದರೆ ಆ ಕುರ್ಚಿಗೆ ಯಾರು? ಯಾವ ಖಾಸಗಿ ವಿಮಾನ ಯಾವ ಊರಿನಿಂದ ಹೊರಟಿತು, ಯಾವ ಕೋಚ್‌ನ ಮನೆಯ ಮುಂದೆ ಯಾರ ಕಾರು ನಿಂತಿತ್ತು ಎಂದು ಜಾಡು ಹಿಡಿಯುವವರಿದ್ದಾರೆ. ಏಳು ಸಮುದ್ರದಾಚೆ ಕುಳಿತು, ರಾತ್ರಿ ನಿದ್ದೆಗೆಟ್ಟು ಆ ಗಾಳಿಸುದ್ದಿಗಳನ್ನೆಲ್ಲ ಓದುವವರಲ್ಲಿ ನಾನೂ ಒಬ್ಬ. ಅದರಲ್ಲೂ ಕೋಚ್ ಬೇಕಾಗಿರುವುದು ಕ್ರೈಸ್ತ ವಿಶ್ವವಿದ್ಯಾಲಯಕ್ಕಾದರೆ ನನ್ನ ಕುತೂಹಲ ಇಮ್ಮಡಿಯಾಗುತ್ತದೆ. ಏಕೆಂದರೆ ಅಲ್ಲಿ ಗೆಲ್ಲಿಸುವವನು ಯಾರು ಎಂಬ ಪ್ರಶ್ನೆಯ ಬೆನ್ನಿಗೇ ನಮ್ಮವನು ಯಾರು ಎಂಬ ಪ್ರಶ್ನೆಯೂ ಬಂದು ನಿಲ್ಲುತ್ತದೆ.

2024ರ ಏಪ್ರಿಲ್ ನೆನಪಿದೆಯೇ? ಕೆಂಟಕಿ ವಿಶ್ವವಿದ್ಯಾಲಯದಲ್ಲಿ 15 ಋತುಗಳನ್ನು ಕಳೆದ ಜಾನ್ ಕ್ಯಾಲಿಪಾರಿ ಅರ್ಕನ್ಸಾಸ್‌ಗೆ ಹೊರಟುಬಿಟ್ಟರು. ಕೆಂಟಕಿ ಎಂದರೆ ಎಂಟು ರಾಷ್ಟ್ರೀಯ ಪ್ರಶಸ್ತಿಗಳ ಮನೆತನ. ಅದರ ಕಣ್ಣು ನೇರವಾಗಿ ಟೆಕ್ಸಾಸ್‌ನ ವೇಕೊ ಊರಿನ ಮೇಲೆ ಬಿತ್ತು. ಅಲ್ಲಿರುವುದು 1845ರಲ್ಲಿ ಆರಂಭವಾದ ಬ್ಯಾಪ್ಟಿಸ್ಟ್ ವಿಶ್ವವಿದ್ಯಾಲಯ ಬೇಲರ್, ಅದರ ಕೋಚ್ ಸ್ಕಾಟ್ ಡ್ರೂ. ಆ ಎರಡು ಮೂರು ದಿನ ಬೇಲರ್ ಅಭಿಮಾನಿಗಳು ಅನುಭವಿಸಿದ್ದನ್ನು ನೋಡಬೇಕಿತ್ತು. ಹೋಗಿಯೇಬಿಟ್ಟರು ಎಂದು ಒಬ್ಬರು, ಹೆಂಡತಿ ಮಕ್ಕಳಿಗೆ ಊರು ಬಿಡಲು ಮನಸ್ಸಿಲ್ಲವಂತೆ ಎಂದು ಇನ್ನೊಬ್ಬರು, ಅವರ ಜಾಗಕ್ಕೆ ಯಾರು ಬರಬಹುದು ಎಂದು ಆಗಲೇ ಲೆಕ್ಕ ಹಾಕಲು ಕುಳಿತವರು ಮತ್ತೊಂದಿಷ್ಟು ಜನ. ಏಪ್ರಿಲ್ 11ರಂದು ಡ್ರೂ ತಾವು ಬೇಲರ್‌ನಲ್ಲಿಯೇ ಉಳಿಯುವುದಾಗಿ ತಿಳಿಸಿದರು. ವೇಕೊ ಉಸಿರು ಬಿಟ್ಟಿತು.

ಆದರೆ ಅಲ್ಲಿ ಇಳಿದ ಆತಂಕ ಇನ್ನೊಂದು ಊರನ್ನು ಹತ್ತಿಕೊಂಡಿತು. ಮರುದಿನವೇ ಕೆಂಟಕಿ ಮಾರ್ಕ್ ಪೋಪ್ ಅವರನ್ನು ಕರೆದುಕೊಂಡಿತು. ಪೋಪ್ 1996ರಲ್ಲಿ ಪ್ರಶಸ್ತಿ ಗೆದ್ದ ಕೆಂಟಕಿ ತಂಡದ ನಾಯಕರಲ್ಲಿ ಒಬ್ಬರು. ಆ ಹೊತ್ತಿಗೆ ಅವರು ಕೋಚ್ ಆಗಿದ್ದದ್ದು ಯೂಟಾ ರಾಜ್ಯದ ಪ್ರೊವೊ ನಗರದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ. ಅದು ಮಾರ್ಮನ್ನರೆಂದು ಹೊರಗಿನವರು ಕರೆಯುವ ಲ್ಯಾಟರ್ ಡೇ ಸೇಂಟ್ಸ್ ಚರ್ಚಿನ ವಿಶ್ವವಿದ್ಯಾಲಯ. ಭಾನುವಾರ ಅಲ್ಲಿ ಆಟವಿಲ್ಲ. ರಾಷ್ಟ್ರೀಯ ಪಂದ್ಯಾವಳಿಯ ವೇಳಾಪಟ್ಟಿಯನ್ನೇ ಅವರಿಗೆ ಭಾನುವಾರ ಬಾರದಂತೆ ಹೊಂದಿಸಬೇಕಾಗುತ್ತದೆ. ವಿದ್ಯಾರ್ಥಿಗಳಿಗೆ ಮದ್ಯವಿಲ್ಲ, ಕಾಫಿಯಿಲ್ಲ, ಮದುವೆಗೆ ಮುಂಚೆ ದೈಹಿಕ ಸಂಬಂಧವಿಲ್ಲ. 2011ರಲ್ಲಿ ತಂಡ ದೇಶದಲ್ಲಿಯೇ ಮುಂಚೂಣಿಯಲ್ಲಿದ್ದಾಗ ಈ ನಿಯಮ ಮುರಿದದ್ದಕ್ಕೆ ತನ್ನ ಮುಖ್ಯ ಆಟಗಾರರೊಬ್ಬರನ್ನು ಋತುವಿನ ಕೊನೆಯ ಘಟ್ಟದಲ್ಲಿ ಹೊರಗಿಟ್ಟ ಸಂಸ್ಥೆ ಅದು.

ಅಂಥ ಕಡೆ ಮುಖ್ಯ ಕೋಚ್ ಆಗುವವರು ಆ ಚರ್ಚಿನ ಸದಸ್ಯರೇ ಆಗಿರಬೇಕೆಂಬುದು ನಡೆದುಬಂದ ಪದ್ಧತಿ. ಹೀಗಾಗಿ ಅಭಿಮಾನಿಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವ ಮಾರ್ಕ್ ಮ್ಯಾಡ್ಸನ್, ವೃತ್ತಿಪರ ಲೀಗ್ ಎನ್‌ಬಿಎಯ ತಂಡದಲ್ಲಿ ಸಹಾಯಕರಾಗಿದ್ದ ಅಲೆಕ್ಸ್ ಜೆನ್ಸನ್, ಫೀನಿಕ್ಸ್ ಸನ್ಸ್ ತಂಡದ ಸಹಾಯಕ ಕೋಚ್ ಕೆವಿನ್ ಯಂಗ್, ಹೀಗೆ ಕೈಬೆರಳಲ್ಲಿ ಎಣಿಸುವಷ್ಟೇ. ಕೆಲವೇ ದಿನಗಳಲ್ಲಿ ಯಂಗ್ ಬಂದರು. ಮೊದಲ ಋತುವಿನಲ್ಲಿಯೇ ತಂಡವನ್ನು ಕೊನೆಯ 16ರ ಸುತ್ತಿಗೆ ಒಯ್ದರು. ಇಷ್ಟು ಕಿರಿದಾದ ಪಟ್ಟಿಯಿಂದ ಒಳ್ಳೆಯ ಕೋಚ್ ಸಿಗುವುದು ಸಾಧ್ಯವೇ ಎಂದು ಕೇಳುತ್ತಿದ್ದವರಿಗೆ ಅದು ಉತ್ತರವಾಯಿತು. ನನಗೆ ಆ ಕಿರಿದುತನದ ಬಗ್ಗೆ ತಕರಾರಿಲ್ಲ. ತಾವು ಯಾರು ಎಂಬುದನ್ನು ಮೊದಲೇ ನಿರ್ಧರಿಸಿಕೊಂಡ ಸಂಸ್ಥೆ ಅದು. ಇಷ್ಟವಿದ್ದವರು ಸೇರುತ್ತಾರೆ.

ನನ್ನ ತಕರಾರು ಪಟ್ಟಿಯ ಉದ್ದದ ಬಗ್ಗೆ ಅಲ್ಲ. ಪಟ್ಟಿ ಬರೆಯುವಾಗ ನಾವು ಕೇಳುವ ಪ್ರಶ್ನೆಗಳ ಬಗ್ಗೆ.

ಎಷ್ಟು ಗೆದ್ದಿದ್ದಾರೆ? ಎಷ್ಟು ಸಂಬಳ ಕೇಳುತ್ತಾರೆ? ಒಳ್ಳೆಯ ಹುಡುಗರನ್ನು ಕರೆತರುವ ತಾಕತ್ತಿದೆಯೇ? ಕ್ರೈಸ್ತ ವಿಶ್ವವಿದ್ಯಾಲಯವಾದರೆ ಇನ್ನೊಂದು ಸೇರುತ್ತದೆ: ಭಕ್ತರೇ? ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಜನ ಅವರ ಸಂದರ್ಶನಗಳಲ್ಲಿ ದೇವರ ಹೆಸರು ಎಷ್ಟು ಸಲ ಬಂತೆಂದು ನೋಡುತ್ತಾರೆ. ಗೆಲುವಿನ ಲೆಕ್ಕವೂ ಎಲ್ಲವನ್ನೂ ಹೇಳುವುದಿಲ್ಲ. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಈ ಆಟವನ್ನು ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ದೇವತಾಶಾಸ್ತ್ರ ಓದಿದವರು. ನಮ್ಮ ದೇಶಕ್ಕೂ ಈ ಆಟ ಬಂದದ್ದು ಅದೇ ವೈಎಂಸಿಎ ಮೂಲಕ. ನೈಸ್ಮಿತ್ ಮುಂದೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ಕೋಚ್ ಆದರು, 55 ಗೆದ್ದು 60 ಸೋತರು. ಆ ವಿಶ್ವವಿದ್ಯಾಲಯದ ಇತಿಹಾಸದಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಕೋಚ್ ಅವರೊಬ್ಬರೇ.

ಈಗ ಬೇಲರ್‌ಗೆ ವಾಪಸು ಬರೋಣ, 2003ಕ್ಕೆ. ಇದನ್ನು ಹೇಳುವಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಆ ವರ್ಷದ ಜೂನ್‌ನಲ್ಲಿ ಪ್ಯಾಟ್ರಿಕ್ ಡೆನ್ನಿಹಿ ಎಂಬ 21 ವರ್ಷದ ಆಟಗಾರ ಕಾಣೆಯಾದ. ಜುಲೈನಲ್ಲಿ ವೇಕೊ ಬಳಿಯ ಹೊಲದಲ್ಲಿ ಅವನ ಶವ ಸಿಕ್ಕಿತು. ಅವನನ್ನು ಗುಂಡಿಟ್ಟು ಕೊಂದವನು ತಂಡದ ಜೊತೆಗಾರ ಕಾರ್ಲ್‌ಟನ್ ಡಾಟ್ಸನ್. ಮುಂದೆ ತಪ್ಪೊಪ್ಪಿಕೊಂಡು 35 ವರ್ಷಗಳ ಶಿಕ್ಷೆಗೆ ಒಳಗಾದ. ತನಿಖೆ ನಡೆಯುವಾಗ ಇನ್ನೊಂದು ವಿಷಯ ಹೊರಬೀಳುವ ಹೊತ್ತು ಬಂದಿತ್ತು. ಡೆನ್ನಿಹಿಗೆ ವಿದ್ಯಾರ್ಥಿವೇತನ ಇರಲಿಲ್ಲ. ಅವನ ಶುಲ್ಕವನ್ನು ಮುಖ್ಯ ಕೋಚ್ ಡೇವ್ ಬ್ಲಿಸ್ ನಿಯಮ ಮೀರಿ ಗುಟ್ಟಾಗಿ ಕಟ್ಟಿದ್ದರು. ಈ ದುಡ್ಡು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಬ್ಲಿಸ್ ಒಂದು ಕಥೆ ಕಟ್ಟಿದರು: ಹುಡುಗ ಮಾದಕ ವಸ್ತು ಮಾರುತ್ತಿದ್ದ, ಆ ದುಡ್ಡಿನಲ್ಲಿ ಶುಲ್ಕ ಕಟ್ಟಿದ. ತಂಡದ ಹುಡುಗರೂ ಸಹಾಯಕರೂ ತನಿಖೆಯವರ ಮುಂದೆ ಹಾಗೆಯೇ ಹೇಳಬೇಕು. ಇಲ್ಲ ಎನ್ನಲು ಸತ್ತವನು ಎದ್ದು ಬರುವುದಿಲ್ಲವಲ್ಲ.

ಬ್ಲಿಸ್ ಈ ಕಥೆ ಹೇಳಿಕೊಡುತ್ತಿದ್ದಾಗ ಎದುರಿಗೆ ಒಬ್ಬ ಸಹಾಯಕ ಕೋಚ್ ಇದ್ದರು. ಕೆಲಸಕ್ಕೆ ಸೇರಿ ಕೆಲವೇ ವಾರಗಳಾಗಿದ್ದವು, ಇನ್ನೂ ಮೂವತ್ತು ತುಂಬಿರಲಿಲ್ಲ. ಸುಳ್ಳಿಗೆ ಕೈಜೋಡಿಸದಿದ್ದರೆ ಕೆಲಸ ಹೋಗುತ್ತದೆ ಎಂಬ ಬೆದರಿಕೆ ಅವರ ಮುಂದಿತ್ತು. ಅವರು ಜೇಬಿನಲ್ಲಿ ಪುಟ್ಟ ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಆ ಮಾತುಗಳನ್ನೆಲ್ಲ ದಾಖಲಿಸಿಕೊಂಡರು. ಆಗಸ್ಟ್‌ನಲ್ಲಿ ಆ ದಾಖಲೆ ಪತ್ರಿಕೆಯಲ್ಲಿ ಹೊರಬಂತು. ಸತ್ತ ಹುಡುಗನ ಹೆಸರಿಗೆ ಮಸಿ ಬಳಿಯುವುದು ತಪ್ಪಿತು.

ಅವರ ಹೆಸರು ಅಬಾರ್ ರೌಸ್. ಇವತ್ತು ನಿಮಗೆ ಹೇಳಬೇಕೆಂದಿದ್ದ ಹೆಸರು ಅದೇ.

ಆ ಜೇಬನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಎದುರಿಗೆ ಕುಳಿತಿರುವವರು ದಶಕಗಳ ಅನುಭವದ ಕೋಚ್, ಅನ್ನ ಕೊಟ್ಟವರು. ಜೇಬಿನಲ್ಲಿ ಅಂಗೈಯಷ್ಟು ಯಂತ್ರ ಸದ್ದಿಲ್ಲದೆ ತಿರುಗುತ್ತಿದೆ. ಟೇಪು ಮುಗಿದು ಗುಂಡಿ ಟಕ್ಕೆಂದರೆ ಕಥೆ ಮುಗಿಯಿತು. ಆ ಭಯದಲ್ಲಿ ಕುಳಿತು ಮುಖದಲ್ಲಿ ಏನನ್ನೂ ತೋರಿಸದೆ ತಲೆಯಾಡಿಸುವುದು ಎಂಥ ಕೆಲಸ!

ಆಮೇಲೆ ಏನಾಯಿತು? ರೌಸ್ ಅವರಿಗೆ ಅಗ್ರ ವಿಭಾಗದ ಯಾವ ಕಾಲೇಜಿನಲ್ಲಿಯೂ ಮತ್ತೆ ಕೋಚಿಂಗ್ ಕೆಲಸ ಸಿಗಲಿಲ್ಲ. ಮೇಲಧಿಕಾರಿಯ ಮಾತನ್ನು ಕದ್ದು ದಾಖಲಿಸಿಕೊಂಡವನನ್ನು ನಾವು ಇಟ್ಟುಕೊಳ್ಳುವುದಿಲ್ಲ ಎಂದು ಈ ಆಟದ ದೊಡ್ಡ ದೊಡ್ಡ ಕೋಚ್‌ಗಳೇ ಟಿವಿಯಲ್ಲಿ ಹೇಳಿದರು. ನಮ್ಮಲ್ಲಿ ಉಂಡ ಮನೆಗೆ ಎರಡು ಬಗೆದವನು ಎನ್ನುತ್ತೇವಲ್ಲ, ಆ ಹಣೆಪಟ್ಟಿ ಅವರಿಗೆ ಅಂಟಿತು. ಆ ಮನೆಯೊಳಗೆ ಒಂದು ಹೆಣದ ಮೇಲೆ ಸುಳ್ಳು ಹೊದಿಸುತ್ತಿದ್ದರು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಡೇವ್ ಬ್ಲಿಸ್? ಅವರಿಗೆ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಸಂಸ್ಥೆ ಎನ್‌ಸಿಎಎ 10 ವರ್ಷಗಳ ನಿರ್ಬಂಧ ಹಾಕಿತು. ಆ ಅವಧಿ ಮುಗಿಯುತ್ತಿದ್ದಂತೆ, 2015ರಲ್ಲಿ, ಒಕ್ಲಹೋಮದ ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ ಅವರನ್ನು ಮುಖ್ಯ ಕೋಚ್ ಮಾಡಿತು. ಕ್ರೈಸ್ತ ವಿಶ್ವವಿದ್ಯಾಲಯಕ್ಕೆ ಮುಂದಿನ ಕೋಚ್ ಯಾರು ಎಂಬ ಪ್ರಶ್ನೆಗೆ ಒಂದು ಆಡಳಿತ ಮಂಡಳಿ ಕೊಟ್ಟ ಉತ್ತರ ಅದು. 2017ರಲ್ಲಿ ಬೇಲರ್ ಪ್ರಕರಣದ ಕುರಿತ ಸಾಕ್ಷ್ಯಚಿತ್ರವೊಂದು ಪ್ರಸಾರವಾಯಿತು. ಅದರಲ್ಲಿಯೂ ಬ್ಲಿಸ್ ಡೆನ್ನಿಹಿ ಮಾದಕ ವಸ್ತು ಮಾರುತ್ತಿದ್ದ ಎಂದೇ ಹೇಳಿದರು. ಆಮೇಲೆ ರಾಜೀನಾಮೆ ಕೊಟ್ಟರು. ಹದಿನಾಲ್ಕು ವರ್ಷ ಕಳೆದ ಮೇಲೂ ಅದೇ ಹುಡುಗನ ಮೇಲೆ ಅದೇ ಮಾತು.

ಕ್ಷಮೆ ಕ್ರೈಸ್ತ ಧರ್ಮದ ಜೀವಾಳವಲ್ಲವೇ, ತಪ್ಪು ಮಾಡಿದವರಿಗೆ ಎರಡನೆಯ ಅವಕಾಶ ಕೊಡಬಾರದೇ ಎಂದು ನೀವು ಕೇಳಬಹುದು. ಇದನ್ನು ನಾನು ಬಹಳ ಯೋಚಿಸಿದ್ದೇನೆ. ಕೊಡಬೇಕು. ಮನುಷ್ಯನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು ದೊಡ್ಡ ಗುಣ. ಆದರೆ ಹೊಟ್ಟೆಗೆ ಹಾಕಿಕೊಳ್ಳಬೇಕಾದವರು ಡೆನ್ನಿಹಿಯ ತಂದೆತಾಯಿ, ಕೆಲಸ ಕೊಡುವ ಆಡಳಿತ ಮಂಡಳಿಯಲ್ಲ. ಇಷ್ಟಕ್ಕೂ ಕ್ಷಮಿಸಿದವರಿಗೆಲ್ಲ ಹದಿನೆಂಟು ವರ್ಷದ ಮಕ್ಕಳನ್ನು ಒಪ್ಪಿಸಲೇಬೇಕು ಎಂದು ಯಾವ ಧರ್ಮವೂ ಹೇಳಿಲ್ಲ. ಮತ್ತೆ ಕೇಳುತ್ತೇನೆ: ಎರಡನೆಯ ಅವಕಾಶ ಕೊಡುವ ಮನಸ್ಸು ಅಷ್ಟು ದೊಡ್ಡದಾಗಿದ್ದರೆ, ಒಂದು ತಪ್ಪನ್ನೂ ಮಾಡದ ರೌಸ್‌ಗೆ ಆ ಬಾಗಿಲು ಏಕೆ ತೆರೆಯಲಿಲ್ಲ?

ಬೇಲರ್ ಮಾತ್ರ ಆ ಬೂದಿಯಿಂದ ಎದ್ದಿತು. 2003ರ ಆಗಸ್ಟ್‌ನಲ್ಲಿ ಆ ಕೆಲಸಕ್ಕೆ ಕೈಚಾಚುವವರು ಬಹಳ ಜನ ಇರಲಿಲ್ಲ. ಮುಖ್ಯ ಆಟಗಾರರು ಬೇರೆ ಕಾಲೇಜುಗಳಿಗೆ ಹೊರಟುಹೋಗಿದ್ದರು, ಶಿಕ್ಷೆ ತಲೆಯ ಮೇಲೆ ತೂಗುತ್ತಿತ್ತು. ಇಂಡಿಯಾನಾದ ವಾಲ್ಪರೈಸೊ ಎಂಬ ಲೂಥರನ್ ವಿಶ್ವವಿದ್ಯಾಲಯದಲ್ಲಿ ತಂದೆಯ ನಂತರ ಒಂದೇ ಒಂದು ಋತು ಮುಖ್ಯ ಕೋಚ್ ಆಗಿದ್ದ 32 ವರ್ಷದ ಸ್ಕಾಟ್ ಡ್ರೂ ಬಂದರು. ಬರುವಾಗಲೇ ರಾಷ್ಟ್ರೀಯ ಪ್ರಶಸ್ತಿಯ ಮಾತನಾಡಿದರು. ಮೊದಲ ವರ್ಷ 8 ಗೆಲುವು, 21 ಸೋಲು. 2005–06ರಲ್ಲಿ ತನ್ನ ಲೀಗಿನ ಹೊರಗೆ ಒಂದು ಪಂದ್ಯವನ್ನೂ ಆಡಬಾರದೆಂದು ತಂಡಕ್ಕೆ ನಿಷೇಧವಿತ್ತು. 2021ರ ಏಪ್ರಿಲ್ 5ರಂದು ಇಂಡಿಯಾನಾಪೊಲಿಸ್‌ನ ಫೈನಲ್‌ನಲ್ಲಿ ಅದೇ ಬೇಲರ್, ಆ ಋತುವಿನಲ್ಲಿ ಅಲ್ಲಿಯವರೆಗೆ ಒಂದೂ ಸೋತಿರದ ಗೊನ್ಜಾಗವನ್ನು 86–70ರಿಂದ ಸೋಲಿಸಿತು. ಗೊನ್ಜಾಗ ಜೆಸ್ಯೂಟರ ವಿಶ್ವವಿದ್ಯಾಲಯ. ಎರಡು ಕ್ರೈಸ್ತ ವಿಶ್ವವಿದ್ಯಾಲಯಗಳ ನಡುವಿನ ಆ ಫೈನಲ್ ನೋಡುತ್ತಿದ್ದಾಗ ನನ್ನ ಕಣ್ಣು ತುಂಬಿತ್ತು.

ಡ್ರೂ ಅವರ ಸಾಧನೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಒಂದು ಮಾತು. ಅವರು ಬಂದು ಕಟ್ಟಿದ ಮನೆ ನಿಲ್ಲಬೇಕಾದರೆ ಅದರ ತಳದಲ್ಲಿ ಸತ್ಯ ಇರಬೇಕಿತ್ತು. ಆ ಬ್ಲಿಸ್ ಕಥೆ ಗೆದ್ದಿದ್ದರೆ ಆ ತಳದಲ್ಲಿ ಸುಳ್ಳೇ ಉಳಿಯುತ್ತಿತ್ತು. ವೇಕೊದ ಪ್ರಶಸ್ತಿಯ ಹಿಂದೆ ರೌಸ್ ಅವರ ಜೇಬಿನ ಆ ಪುಟ್ಟ ಯಂತ್ರವೂ ಇದೆ.

ಮುಂದಿನ ಮಾರ್ಚ್ ಬಂದೇ ಬರುತ್ತದೆ. ಯಾವುದೋ ಒಂದು ಕ್ರೈಸ್ತ ವಿಶ್ವವಿದ್ಯಾಲಯದ ತಂಡ ಸೋಲುತ್ತದೆ, ಕುರ್ಚಿ ಖಾಲಿಯಾಗುತ್ತದೆ, ನಾವು ಮತ್ತೆ ಪಟ್ಟಿ ಬರೆಯಲು ಕೂರುತ್ತೇವೆ. ಬರೆಯೋಣ. ಊಹೆ ಮಾಡುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಪ್ರೀತಿ ಇದ್ದವರೇ ಊಹಿಸುವುದು. ನನ್ನ ಪಟ್ಟಿಯಲ್ಲಿ ಪ್ರತಿ ಹೆಸರಿನ ಎದುರಿಗೆ ಗೆಲುವು ಸೋಲುಗಳ ಪಕ್ಕದಲ್ಲಿ ಇನ್ನೊಂದು ಕಾಲಂ ಇರುತ್ತದೆ. ಆ ಕೋಚ್‌ನ ಹಿಂದಿನ ತಂಡದಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳಕ್ಕೆ ದುಡಿದ ಸಹಾಯಕ ಯಾರು, ಈಗ ಎಲ್ಲಿದ್ದಾರೆ, ಅವರಿಗೆ ಫೋನ್ ಮಾಡಿದರೆ ಏನು ಹೇಳುತ್ತಾರೆ. ನೇಮಕ ಮಾಡುವವರು ಆ ಒಂದು ಫೋನ್ ಮಾಡಿದ್ದಾರೆಯೇ ಎಂದು ಅಭಿಮಾನಿಗಳು ಕೇಳಲಿ. ಮಾಡುವವರೆಗೂ ಕೇಳುತ್ತಲೇ ಇರಲಿ.